ಬೆರಳಿಗೆ ಬೇಕಿದ್ದ ಅರ್ಧ ಸೆಂಟಿಮೀಟರ್

ಸೋಲ್ ನಗರದ ಕೀಬೋರ್ಡ್ ಪ್ರಿಯರ ಸಂಘದ ಅಧ್ಯಕ್ಷರಾದ ಬಾಂಗ್ ಅವರೇ, ವೇದಿಕೆಯ ಮೇಲಿನ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಕುಳಿತು ಈಗಲೂ ಕೀಗಳನ್ನು ಟಕಟಕ ಎನ್ನಿಸುತ್ತಿರುವ ಸಭಿಕರೇ. ನಾನು ಮುಗಿಸುವ ತನಕ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ನನಗೆ ಎಪ್ಪತ್ತೆರಡು. ಕಿವಿ ಇನ್ನೂ ಚೆನ್ನಾಗಿದೆ.

ನನಗೆ ಭಾಷಣ ಬರುವುದಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಅಲ್ಲಿಂದ ಇಲ್ಲಿಯವರೆಗೆ ಉಲ್ಜಿರೊದ ಗಲ್ಲಿಯಲ್ಲಿ ಅಲ್ಯೂಮಿನಿಯಂ ಕೊರೆದಿದ್ದೇನೆ. ಅಧ್ಯಕ್ಷರು ಈಗ ತಾನೇ ನನ್ನನ್ನು 'ಮಹಾ ವಿನ್ಯಾಸಕಾರ ಮಾ ಗಿಚೊಲ್' ಎಂದರು. ನಾಚಿಕೆಯಾಗಬೇಕು. ಅವರಿಗಲ್ಲ, ನನಗೆ. ಯಾಕೆ ಎಂದು ಹೇಳಲಿಕ್ಕೇ ಈ ಮೈಕು ಹಿಡಿದಿದ್ದೇನೆ, ಇಲ್ಲದಿದ್ದರೆ ಊಟ ಮಾಡಿಕೊಂಡು ಹೋಗುತ್ತಿದ್ದೆ.

ನೀವೆಲ್ಲ 'ಮಾ-ಮೂವತ್ತೆಂಟು' ಎಂದು ಕರೆಯುವ ಆ ಪುಟ್ಟ ಕೀಬೋರ್ಡ್ ಇದೆಯಲ್ಲ, ಬಲಬದಿಯಲ್ಲಿ ಅಂಕಿ ಕೀಗಳ ಗುಂಪಿದ್ದೂ ಮೂವತ್ತೆಂಟು ಸೆಂಟಿಮೀಟರ್ ದಾಟದ್ದು, ಅದನ್ನು ವಿನ್ಯಾಸ ಮಾಡಿದವನು ನಾನಲ್ಲ. ಪ್ಯೋ ಮಲ್‌ಸುನ್ ಎಂಬ ಹೆಂಗಸು. ಈ ಸಭೆಯಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ನೋಡಿ, ಒಂದು ಕೈಯೂ ಇಲ್ಲ.

ಅವಳು ನನ್ನ ಎದುರಿನ ಬೇರಿಂಗ್ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದಳು. ಅಂಗಡಿ ಅವಳ ತಮ್ಮನದು. ಕೆಲಸ ಮಾತ್ರ ಅವಳದು. ನನಗಿಂತ ಎರಡು ವರ್ಷ ದೊಡ್ಡವಳು, ಹಾಗಾಗಿ ಅಕ್ಕ ಎನ್ನುತ್ತಿದ್ದೆ. ಮೂವತ್ತು ವರ್ಷ ಮಧ್ಯಾಹ್ನದ ನೂಡಲ್ಸನ್ನು ಒಂದೇ ತಟ್ಟೆಯಲ್ಲಿ ತರಿಸಿ ತಿಂದಿದ್ದೇವೆ. ಬೇರಿಂಗಿಗೆ ಹೆಸರಿಲ್ಲ, ನಂಬರ್ ಮಾತ್ರ. ಎಡಗೈಯಲ್ಲಿ ಭೂತಗನ್ನಡಿ ಹಿಡಿದು ಸವೆದ ಬೇರಿಂಗಿನ ನಂಬರ್ ಓದುವುದು, ಬಲಗೈಯಲ್ಲಿ ಕೀ ಒತ್ತುವುದು. ಕಣ್ಣು ಕೀಬೋರ್ಡಿನ ಕಡೆ ಹೋಗುವಂತೆಯೇ ಇಲ್ಲ. ಕಂಬಕ್ಕೂ ಗಾಜಿನ ಪೆಟ್ಟಿಗೆಗೂ ನಡುವೆ ಅವಳಿಗಿದ್ದ ಜಾಗ ಮೂವತ್ತೆಂಟು ಸೆಂಟಿಮೀಟರ್, ಮೇಲೆ ಒಂದು ಕೂದಲೆಳೆ. ದೊಡ್ಡ ಕೀಬೋರ್ಡ್ ಹಿಡಿಸುವುದಿಲ್ಲ, ಚಿಕ್ಕದರಲ್ಲಿ ಬಲಬದಿಯ ಅಂಕಿಗಳಿಲ್ಲ.

ನಾನು ಕೀಬೋರ್ಡಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಕೊರೆಯುವವನಲ್ಲವೇ, ಒಂದು ದಿನ ತನಗೆ ಬೇಕಾದ ಕೀಬೋರ್ಡನ್ನು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ತಂದಳು. ರಟ್ಟಿನಲ್ಲಿ ಒಂದೊಂದು ಕೀ ಕತ್ತರಿಸಿ, ಅಂಟಿಸಿ, ಬಾಣದ ಕೀಗಳನ್ನೆಲ್ಲ ಮೇಲಕ್ಕೆ ತಳ್ಳಿ, ಬೇಡದ್ದನ್ನು ಕಿತ್ತು ಹಾಕಿದ್ದಳು. ಸೊನ್ನೆಯನ್ನು ಮಾತ್ರ ಎರಡು ಮನೆ ಅಗಲವಾಗಿಯೇ ಉಳಿಸಿದ್ದಳು. ಅಕ್ಷರಗಳಿಗೂ ಅಂಕಿಗಳಿಗೂ ನಡುವೆ ಒಂದು ಸಂದು ಬಿಟ್ಟಿದ್ದಳು. ಅರ್ಧ ಸೆಂಟಿಮೀಟರ್.

"ಇದ್ಯಾಕಕ್ಕಾ ಇಲ್ಲಿ ಓಣಿ? ಬೆಕ್ಕು ಓಡಾಡೋಕಾ?" ಎಂದೆ.

"ಬೆರಳು ಓಡಾಡೋಕೆ ಕಣೋ ಮೇಸ್ತ್ರಿ. ಓಣಿ ದಾಟಿದ್ರೆ ತಾನೇ ಈ ಮನೆ ನಂದು ಅಂತ ಗೊತ್ತಾಗೋದು?"

"ಹಾಗಾದ್ರೆ ಮೂವತ್ತೆಂಟರಲ್ಲಿ ಕೂರಲ್ಲ."

"ನಿನ್ನ ಪೆಟ್ಟಿಗೆ ಗೋಡೆ ತೆಳ್ಳಗೆ ಮಾಡು. ಕೂರುತ್ತೆ."

ಲೆಕ್ಕ ಸರಿಯಾಗಿತ್ತು. ಎರಡೂ ಪಕ್ಕದ ಗೋಡೆಯನ್ನು ಒಂಬತ್ತು ಮಿಲಿಮೀಟರಿನಿಂದ ಆರೂವರೆಗೆ ಇಳಿಸಿದರೆ ಸಂದು ಸಿಗುತ್ತಿತ್ತು. ನಾನು ಯಾಕೆ ಇಳಿಸಲಿಲ್ಲ? ಕೇಳಿ, ನಾಚಿಕೆ ಬಿಟ್ಟು ಹೇಳುತ್ತೇನೆ. ನಿಮ್ಮಿಂದಾಗಿ. ಆ ಹೊತ್ತಿಗೆ ನೀವು ನನ್ನ ಅಂಗಡಿಗೆ ಬರಲು ಶುರು ಮಾಡಿದ್ದಿರಿ. ಪೆಟ್ಟಿಗೆಯನ್ನು ಎತ್ತಿ ನೋಡಿ "ಅಬ್ಬಾ, ಏನು ಭಾರ!" ಎನ್ನುತ್ತಿದ್ದಿರಿ. ಕಿವಿಗೊಟ್ಟು "ಮೇಸ್ತ್ರಿಗಳೇ, ದಪ್ಪ ಗೋಡೆಯ ಸದ್ದೇ ಸದ್ದು" ಎನ್ನುತ್ತಿದ್ದಿರಿ. ನನ್ನ ಕೆಲಸವನ್ನು ನನ್ನ ಹೆಂಡತಿಯೂ ಅಷ್ಟು ಹೊಗಳಿರಲಿಲ್ಲ, ಪಾಪ, ಅವಳಿಗೆ ಹೊಗಳಲು ಕಾರಣವೂ ಇರಲಿಲ್ಲ. ಗೋಡೆ ಒಂಬತ್ತೇ ಇರಲಿ ಎಂದೆ. ಸಂದು ಮುಚ್ಚಿದೆ. ಅವಳಿಗೆ ಕೊಡುವ ಮೊದಲು ನಿಮಗೆ ತೋರಿಸಿದೆ. ನೀವು ಚಪ್ಪಾಳೆ ತಟ್ಟಿದಿರಿ, ಅದಕ್ಕೆ ನನ್ನ ಹೆಸರಿಟ್ಟಿರಿ. ಆಮೇಲೆ ಅವಳ ಎದುರು ಇಟ್ಟೆ.

ಅವಳು ಸಂದು ಎಲ್ಲಿ ಎಂದು ಕೇಳಲಿಲ್ಲ. ಉಡುಗೊರೆ ಅಲ್ಲವೇ? "ಚೆನ್ನಾಗಿದೆ ಮೇಸ್ತ್ರಿ" ಎಂದಳು.

ಒಂದು ವಾರಕ್ಕೆ ಹೋಗಿ ನೋಡುತ್ತೇನೆ, ನನ್ನ ನುಣುಪಾದ ಕೀಬೋರ್ಡಿನ ಮೇಲೆ, ಅಕ್ಷರಗಳೂ ಅಂಕಿಗಳೂ ಸೇರುವ ಗೆರೆಯಲ್ಲಿ, ಹಲ್ಲುಕಡ್ಡಿ! ಅರ್ಧ ಮುರಿದು ಗೋಂದಿನಲ್ಲಿ ಅಂಟಿಸಿದ್ದಳು. ನನಗೆ ತಲೆ ಕೆಟ್ಟಿತು.

"ಏನಕ್ಕಾ ಇದು? ಮೂರು ದಿನ ಪಾಲಿಶ್ ಹಾಕಿದೀನಿ. ಊಟ ಮಾಡಿ ಎದ್ದ ಮೇಜಿನ ಥರ ಮಾಡಿಟ್ಟಿದೀಯಲ್ಲ!"

"ಕೈಗೆ ಗುರುತು ಸಿಗಲಿ ಅಂತ..."

"ಐದರ ಕೀ ಮೇಲೆ ಉಬ್ಬುಗೆರೆ ಇಲ್ವಾ? ಅದು ಸಾಲ್ದಾ ನಿನಗೆ?"

ಮೂವತ್ತು ವರ್ಷ ಗ್ರೀಸಿನಲ್ಲಿ, ಸೀಮೆಎಣ್ಣೆಯಲ್ಲಿ ಅದ್ದಿದ ಬೆರಳು. ಆ ಸಣ್ಣ ಗೆರೆ ಅದಕ್ಕೆ ತಾಗುತ್ತದೆಯೇ? ಅದನ್ನು ಯೋಚಿಸುವ ತಾಳ್ಮೆ ನನಗೆಲ್ಲಿತ್ತು? ಉಗುರಿನಿಂದ ಕಡ್ಡಿ ಕಿತ್ತೆ. ಸ್ಪಿರಿಟ್ ಹಾಕಿ ಗೋಂದು ಒರೆಸಿದೆ. ಅವಳು ಕೈ ಮಡಿಚಿಕೊಂಡು ನೋಡುತ್ತಿದ್ದಳು. ಕಡ್ಡಿಯನ್ನು ಚರಂಡಿಗೆ ಎಸೆದು ಬಂದೆ.

ಆ ತಿಂಗಳೇ ಶುರುವಾಯಿತು. ಬಂದರಿನ ದೋಣಿಯವನು ಪಂಪಿಗೆ 6305 ಬೇರಿಂಗ್ ಕೇಳಿದರೆ, ಹೋದದ್ದು 5204. ಅವನು ಅಷ್ಟು ದೂರದಿಂದ ಬಂದು ಅಂಗಡಿಯ ಮುಂದೆ ನಿಂತು ಕೂಗಿದ. ಇನ್ನೊಂದು ತಪ್ಪು, ಮತ್ತೊಂದು ತಪ್ಪು. ಮೂವತ್ತು ವರ್ಷದಲ್ಲಿ ಒಂದೂ ತಪ್ಪು ಮಾಡದವಳು! ಗಲ್ಲಿಯವರು ಬಿಡುತ್ತಾರೆಯೇ? "ಐದೆರಡು ಸೊನ್ನೆನಾಲ್ಕು ಅಕ್ಕ ಬಂದ್ಲು ನೋಡ್ರೋ" ಎಂದು ಅಡ್ಡಹೆಸರು ಇಟ್ಟರು. ನಾನೂ ಕರೆದೆ. ನೂಡಲ್ಸ್ ತಿನ್ನುತ್ತ, ಅವಳ ಮುಖದ ಎದುರೇ ಕರೆದೆ. ಅವಳು ನಕ್ಕಳು.

ತಮ್ಮ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮರೆವಿನ ರೋಗವೋ ಎಂದು ನೋಡಲು, ಗಡಿಯಾರದ ಚಿತ್ರ ಬರೆಸಿದರಂತೆ, ನೂರರಿಂದ ಏಳೇಳು ಕಳೆಯಲು ಹೇಳಿದರಂತೆ. ರೋಗ ಏನೂ ಇಲ್ಲ ಎಂದರು ಡಾಕ್ಟರು. ಆದರೆ ಅವಳು ನಂಬಲಿಲ್ಲ. ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ನನಗೆ ತಂದುಕೊಟ್ಟು, "ಒಳ್ಳೇ ಸಾಮಾನು ಮೇಸ್ತ್ರಿ, ನನ್ನ ತಲೆನೇ ಸರಿ ಇಲ್ಲ" ಎಂದು, ಕಡಲ ತೀರದ ಗುನ್‌ಸಾನಿನಲ್ಲಿರುವ ಸೋದರ ಸೊಸೆಯ ಮನೆಗೆ ಹೋದಳು. ನಾನು ಏನಂದೆ ಗೊತ್ತೇ? "ವಯಸ್ಸಾಯ್ತಲ್ಲಕ್ಕಾ" ಎಂದೆ.

ಮೂರು ವರ್ಷ ಕಳೆಯಿತು. ಹೋದ ಚಳಿಗಾಲ ನನ್ನ ಕಣ್ಣಿನ ಪೊರೆ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತು ಬೇಸರವಾಗಿ, ಅವಳು ಹಿಂದಿರುಗಿಸಿದ ಅದೇ ಕೀಬೋರ್ಡನ್ನು ಮಡಿಲಲ್ಲಿಟ್ಟು, ಮಗಳಿಗೆ "ನಾನು 6305 ಒತ್ತಿದೀನಿ, ನೋಡು" ಎಂದೆ. ಅವಳು "ಅಪ್ಪಾ, 5204 ಬಂದಿದೆ" ಎಂದಳು. ಇನ್ನೊಮ್ಮೆ ಒತ್ತಿದೆ. 5204. ಆರಿಗೆ ಐದು, ಮೂರಕ್ಕೆ ಎರಡು, ಐದಕ್ಕೆ ನಾಲ್ಕು. ಸೊನ್ನೆ ಅಗಲ, ಅದು ಹೇಗೂ ಸಿಗುತ್ತದೆ. ಒಂದೊಂದು ಅಂಕಿಯೂ ಒಂದೊಂದು ಮನೆ ಎಡಕ್ಕೆ. ಕೈಗೆ ಓಣಿ ಸಿಗದೆ ಪಕ್ಕದ ಮನೆಗೆ ನುಗ್ಗಿತ್ತು. ಪಟ್ಟಿ ಬಿಚ್ಚುವ ಮೊದಲೇ ನನಗೆ ಎಲ್ಲ ಕಂಡಿತು.

ಹೊಸದು ಕೊರೆದೆ. ಗೋಡೆ ಆರೂವರೆ. ಸಂದು ಅರ್ಧ ಸೆಂಟಿಮೀಟರ್. ಅವಳ ಕ್ಯಾಲೆಂಡರ್ ಹಾಳೆಯಲ್ಲಿದ್ದ ಹಾಗೆಯೇ. ವಸಂತದಲ್ಲಿ ಹೊತ್ತುಕೊಂಡು ಗುನ್‌ಸಾನಿಗೆ ಹೋದೆ. ಅಂಗಳದಲ್ಲಿ ಕುಳಿತು ಒಣಮೀನು ಆರಿಸುತ್ತಿದ್ದಳು. ಕೀಬೋರ್ಡನ್ನು ಸೊಸೆಯ ಕಂಪ್ಯೂಟರಿಗೆ ಸಿಕ್ಕಿಸಿ ಎದುರಿಟ್ಟೆ. ಕೈ ಒರೆಸಿಕೊಂಡಳು, ಸಮುದ್ರದ ಕಡೆ ನೋಡುತ್ತಲೇ ಒತ್ತಿದಳು. ಸೊಸೆ ಪರದೆ ನೋಡಿ ಓದಿದಳು: 6305. ಹತ್ತು ಸಲ ಒತ್ತಿದಳು, ಹತ್ತು ಸಲವೂ ಸರಿ.

ಆಗ ಕೇಳಿದಳು: "ಹಾಗಾದ್ರೆ ತಪ್ಪು ನನ್ನ ತಲೆದಲ್ವಾ ಮೇಸ್ತ್ರಿ?"

"ಅಲ್ಲಕ್ಕಾ. ನನ್ನ ಗೋಡೆದು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಮೂರು ವರ್ಷ ಕಣೋ," ಎಂದಳು, "ಒಲೆ ಆರಿಸಿದ್ನಾ ಇಲ್ವಾ ಅಂತ ದಿನಾ ನಾಲ್ಕು ನಾಲ್ಕು ಸಲ ಎದ್ದು ನೋಡ್ತಿದ್ದೆ." ಅಷ್ಟೇ. ಮೀನಿನ ಸಾರು ಬಡಿಸಿದಳು. ಹೊರಡುವಾಗ ಕೀಬೋರ್ಡನ್ನು ಮತ್ತೆ ನನ್ನ ಕೈಗೇ ಇಟ್ಟಳು. "ತಗೊಂಡ್ಹೋಗು. ಇಲ್ಲಿ ಮೀನಿಗೆ ನಂಬರಿಲ್ಲ."

ಅದೇ ಇದು, ಮೇಜಿನ ಮೇಲಿರುವುದು. ಎತ್ತಿ ನೋಡಿ. ಹಗುರ. ಸದ್ದೂ ಸ್ವಲ್ಪ ಪೊಳ್ಳು. ಅಧ್ಯಕ್ಷರು ಮತ್ತೆ ಇನ್ನೂರು ಮಾ-ಮೂವತ್ತೆಂಟು ಬೇಕು ಎನ್ನುತ್ತಿದ್ದಾರೆ. ಇದನ್ನು ಬೇಕಾದರೆ ಕೊರೆದುಕೊಡುತ್ತೇನೆ, ತಳದಲ್ಲಿ ಪ್ಯೋ ಮಲ್‌ಸುನ್ ಎಂದು ಹೆಸರು ಕೊರೆದು. ದಪ್ಪ ಗೋಡೆಯದು ಬೇಕೆಂದರೆ ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳಿ. ಬಾಂಗ್ ಅವರೇ, ಈ ಸನ್ಮಾನದ ಫಲಕದಲ್ಲೂ ಹೆಸರು ತಪ್ಪಿದೆ. ತಿದ್ದಿಸಿ ಗುನ್‌ಸಾನಿಗೆ ಕಳಿಸಿ. ಅವಳು ಅದರ ಮೇಲೆ ಮೀನು ಒಣಗಿಸಿದರೂ ನನಗೆ ಸಂತೋಷ.

ಹಳೆಯದನ್ನು ಕೊಂಡವರು ಇಲ್ಲಿ ಬಹಳ ಜನ ಇದ್ದೀರಿ. ಬಾಗಿಲ ಬಳಿ ಒಂದು ಹಲ್ಲುಕಡ್ಡಿ ಡಬ್ಬಿ ಇಟ್ಟಿದ್ದೇನೆ. ಹೋಗುವಾಗ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ. ಎಲ್ಲಿ ಅಂಟಿಸಬೇಕೆಂದು ಈಗ ನಿಮಗೆ ಗೊತ್ತು. ಯಾರ ಮನೆಯಲ್ಲಾದರೂ ಅಂಥ ಕಡ್ಡಿ ಕಂಡರೆ ಕೀಳಬೇಡಿ, ಮೊದಲು ಕೇಳಿ.

ಇಷ್ಟು ಹೊತ್ತು ಕೈ ಕಟ್ಟಿ ಕೂತು ಕೇಳಿದ್ದಕ್ಕೆ ಉಪಕಾರವಾಯಿತು. ಇನ್ನು ಟಕಟಕ ಎನ್ನಿಸಿಕೊಳ್ಳಿ. ನಮಸ್ಕಾರ.