ಫಕೀರವ್ವನ ಗೋಪುರ

ಅಣ್ಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ನವಲಗುಂದದ ಬಸ್ಸಿಗೆ ಕಾಯುತ್ತಿದ್ದ ಮಡಿವಾಳೆಪ್ಪ ಮಾಸ್ತರರು ಬೆನ್ನ ಹಿಂದಿನ ಮಾತು ಕಿವಿಗೆ ಬಿದ್ದು ಪೇಪರ್ ಮಡಚಿದರು. ಕಲ್ಲುಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರು ಕೂತಿದ್ದರು.

“ಫಕೀರವ್ವಕ್ಕಾ, ಹೊಲಿಗಿ ಕೇಂದ್ರದಾಗ ಕಸೂತಿ ಕಲಸಾಕ ನಿನ್ನ ತಗೊಂಡ್ರೋ ಇಲ್ಲೋ? ಅಷ್ಟು ಹೇಳ ಬೇ.”

“ತಡಿ ದುಂಡವ್ವಾ. ಮದಲ ಆ ಕೇಂದ್ರದ ಬಾಯಾರು ಎಷ್ಟನೇತ್ತ ಕಲತೀ ಅಂದ್ರು. ಸಾಲಿ ಕಟ್ಟಿ ಸೈತ ಹತ್ತಿಲ್ರೀ ಅಂದೆ.”

“ಅಯ್ಯ! ಖರೇನ ಹೇಳಿದಿ?”

“ಮತ್ತ? ಆಮ್ಯಾಲ ಕಾಗದದ ಮ್ಯಾಲಿನ ನಕಾಶಿ ಕೊಟ್ಟು, ಇದನ್ನ ನೋಡಿ ಹಾಕು ಅಂದ್ರು. ಕಾಗದ ಬ್ಯಾಡ್ರೀ, ನಾ ಅರಬಿ ಎಳಿ ಎಣಿಸಿ ಹಾಕಾಕಿ ಅಂದೆ. ಅವರ ಮುಂದನ ಕುಂತು ಗೋಪುರದ ನಕಾಶಿ ತಗದೆ.”

“ಅದಕ್ಕೇನಂದ್ರು?”

“ಅರಬಿ ತಿರುವಿ ಹಿಂದ ಗಂಟು ಹುಡಿಕಿದ್ರು. ಒಂದರ ಸಿಕ್ಕೀತ? ಮತ್ತ ತಿರುವಿದ್ರು, ಮತ್ತ ತಿರುವಿದ್ರು. ಕಡೀಕ ನನ್ನನ್ನ ಕೇಳಿದ್ರು ನೋಡು, ಇದರಾಗ ಸೀದಾ ಯಾವದು, ಉಲ್ಟಾ ಯಾವದು ಅಂತ!”

“ಯಪ್ಪಾ! ನೀ ಏನಂದಿ?”

“ಚಲೋ ಕಸೂತಿಗೆ ಉಲ್ಟಾ ಅನ್ನೂದ ಇರಂಗಿಲ್ರೀ ಅಂದೆ.”

ದುಂಡವ್ವ ಚಪ್ಪಾಳೆ ತಟ್ಟಿ ನಕ್ಕಳು. ಮಾಸ್ತರರಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಶಲವಡಿಯ ಬಸ್ ಬಂತು. ಇಬ್ಬರೂ ಗಡಬಡಿಸಿ ಎದ್ದರು. ಮಾಸ್ತರರು ತಾವೂ ಎದ್ದು ದಾರಿ ಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನಿಗೆ ಫಕೀರವ್ವ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು:

“ತಮ್ಮಾ, ನನ್ನ ಮಾರಿ ನೆಪ್ಪಿಟ್ಟಕೋ. ಸೋಮವಾರದಿಂದ ದಿನಾ ಬರತೀನಿ. ನಾ ಈಗ ಕಸೂತಿ ಕಲಸೂ ಅಕ್ಕೋರು!”