ಖಾಲಿ ಗಡಿಗೆಯ ಇಬ್ಬರು ದೊರೆಗಳು

ಈ ದೃಷ್ಟಾಂತವನ್ನು ಮೊದಲು ಹೇಳಿದವರು ಗಂಗೊಳ್ಳಿಯ ಸೂರಪ್ಪಯ್ಯ ದಾಸರು. ಹೇಳಿದ್ದು ಕೇರಿಯ ಭಜನಾಮಂದಿರದಲ್ಲಿ, ಸ್ವಾತಂತ್ರ್ಯ ಬಂದ ವರ್ಷದ ಶ್ರಾವಣದ ಒಂದು ಸಂಜೆ. ಅಂದು ಕೇಳಿದವರ ಬಾಯಿಂದ ಬಂದಂತೆ ಅದು ಹೀಗಿದೆ.

ಒಂದು ಕಡಲು, ಆ ಕಡಲಲ್ಲಿ ಎರಡು ದ್ವೀಪರಾಜ್ಯ, ದ್ವೀಪಕ್ಕೊಬ್ಬ ದೊರೆ. ಅಲ್ಲಿ ಕೋಳಿ ಕೂಗಿದರೆ ಇಲ್ಲಿ ಬೆಳಗಾಗುತ್ತಿತ್ತು. ಹೆಣ್ಣು ಕೊಟ್ಟರು, ತಂದರು. ಜಗಳವಾಡಿದರು, ಮತ್ತೆ ಕೂಡಿ ಉಂಡರು. ಅಜ್ಜಂದಿರ ಕಾಲದಿಂದ ಒಂದು ಕಟ್ಟಳೆಯಿತ್ತು. ನೂಲಹುಣ್ಣಿಮೆಯಂದು ಕಡಲಿಗೆ ಹಾಲೆರೆದ ಮೇಲೆ ಪ್ರತಿ ಮನೆಯೂ ತನ್ನ ಮೊಸರನ್ನು ಆಚೆ ದ್ವೀಪಕ್ಕೆ ಕಳುಹಿಸಿ, ಗಡಿಗೆ ತೊಳೆದು, ಅಲ್ಲಿಂದ ಬಂದ ಮೊಸರಿನಿಂದಲೇ ಹಾಲಿಗೆ ಹೆಪ್ಪು ಹಾಕಬೇಕು.

ಪಡುವಣ ದ್ವೀಪದ ದೊರೆ ಒಳ್ಳೆಯವನೇ. ಮೂಗಿನ ತುದಿಯಲ್ಲಿ ಕೋಪ, ಅಷ್ಟೇ. ನಡುಗಡಲಿನ ಒಂದು ಬಂಡೆ ಯಾರದೆಂದು ಮೂಡಣದ ದೊರೆಯೊಡನೆ ಮಾತಿಗೆ ಮಾತು ಬೆಳೆಯಿತು. ಏನಿತ್ತು ಆ ಬಂಡೆಯ ಮೇಲೆ? ಹಕ್ಕಿಯ ಹಿಕ್ಕೆ! ಅದಕ್ಕಾಗಿ ಎರಡೂ ಕಡೆಯ ದೋಣಿಗಳ ಓಡಾಟ ನಿಂತಿತು. ಹುಣ್ಣಿಮೆ ಬಂತು. ಕಟ್ಟಳೆ ಮುರಿಯಬಾರದಲ್ಲ? ಹಳೆಯ ಮೊಸರನ್ನು ದನಗಳಿಗೆ ಸುರಿದು ಗಡಿಗೆಗಳನ್ನು ತಿಕ್ಕಿ ತೊಳೆದರು. ಕೊಡುವ ಕಟ್ಟಳೆ ಹೋಯಿತು, ತೊಳೆಯುವ ಕಟ್ಟಳೆ ಉಳಿಯಿತು. ನೋಡಿ, ನಮ್ಮ ಭಕ್ತಿಯೂ ಎಷ್ಟೋ ಸಲ ಹೀಗೆಯೇ.

ಪಡುವಣ ದ್ವೀಪದಲ್ಲಿ ಮೊಸರೇ ಇಲ್ಲದಾಯಿತು. ಹೆಪ್ಪಿಗೆಂದು ಮೆಣಸಿನ ತೊಟ್ಟು ಹಾಕಿದರು, ಹುಳಿ ಹಿಂಡಿದರು, ಹಾಲು ಒಡೆಯಿತು. ದೊರೆಯ ತಾಯಿ ಹಣ್ಣುಮುದುಕಿ. ಬಟ್ಟಲು ಸರಿಸಿ ಗೋಡೆಗೆ ಮುಖ ಮಾಡಿದಳು.

"ಬರೀ ಗಂಜಿಯಾದ್ರೂ ಉಣ್ಣು ಅಬ್ಬೇ."

"ಮೊಸರಿಲ್ದೆ ಗಂಟಲಲ್ಲಿ ಎಂತದೂ ಇಳಿತಿಲ್ಲೆ ಮಗಾ. ನಿನ್ನ ಆ ಬಂಡೆಕಲ್ಲು ತಕಂಡ್ ಬಾ, ಕಲಸಿ ಉಣ್ತೆ."

ಅವಳ ದನಿ ಕುಗ್ಗುತ್ತ ಬಂದಾಗ ದೊರೆ ಎದ್ದ. ಪೇಟ ಬಿಚ್ಚಿಟ್ಟು, ಗಡಿಗೆ ಹಿಡಿದು, ತಾನೇ ದೋಣಿ ನಡೆಸಿದ. ಬಂಡೆಯ ಬಳಿ ನೋಡಿದರೆ ಎದುರಿನಿಂದ ಮೂಡಣದ ದೊರೆ!

"ಹ್ವಾಯ್, ಎಲ್ಲಿಗೆ?"

"ನಿಮ್ಮಲ್ಲಿಗೇ ಮಾರಾಯಾ. ಮೊಮ್ಮಗು ಮಜ್ಜಿಗೆ ಬೇಕಂತ ಅಳ್ತಾ ಇತ್ತ್. ಚೂರು ಹೆಪ್ಪು ಕೊಡು."

ಪಡುವಣದ ದೊರೆ ತನ್ನ ಗಡಿಗೆಯನ್ನು ಬೋರಲು ಹಾಕಿ ತೋರಿಸಿದ. ಇಬ್ಬರೂ ಆ ಬಂಡೆಯ ಮೇಲೆಯೇ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಎರಡು ಖಾಲಿ ಗಡಿಗೆ ಸೇರಿದರೆ ಮೊಸರಾಗುತ್ತದೆಯೇ? ಒಂದೇ ದೋಣಿಯಲ್ಲಿ ಹುಟ್ಟು ಹಾಕುತ್ತ ದೂರದ ದಡ ಸೇರಿ, ಒಬ್ಬ ಗೊಲ್ಲತಿಯ ಬಾಗಿಲಲ್ಲಿ ನಿಂತರು.

"ಇಬ್ರು ದೊರೆಗಳಿಗೆ ಒಂದೇ ಗಡಿಗೆ ಸಾಕಾ?" ಎಂದು ಅವಳು ಕೆಣಕಿದಳು.

"ಸಾಕ್ ಮಾರಾಯ್ತಿ, ಹಂಚ್ಕಂತೊ."

ಅಂದು ಸಂಜೆ ನಡೆದುದನ್ನೆಲ್ಲ ಕೇಳುತ್ತ ಮುದುಕಿ ಮೊಸರನ್ನ ಉಂಡಳು. ಬೆರಳು ನೆಕ್ಕಿ, "ಆ ಮಗುವಿಗೂ ಸಿಕ್ತಾ?" ಎಂದು ಕೇಳಿದಳು.

ಇಷ್ಟು ಹೇಳಿ ದಾಸರು ತಾಳ ಕೆಳಗಿಟ್ಟರಂತೆ. "ಎಂತ ನಗ್ತ್ರಿ? ಆ ದ್ವೀಪ ಎಲ್ಲೋ ದೂರ ಇತ್ತ್ ಅಂದ್ಕಂಡ್ರಾ? ನಿಮ್ಮ ಮನೆ ಒಂದು ದ್ವೀಪ, ಬೇಲಿಯಾಚೆಯ ಮನೆ ಇನ್ನೊಂದು. ಹಬ್ಬ ಮಾಡ್ತ್ರಿ, ಪಾತ್ರೆ ಬೆಳಗ್ತ್ರಿ, ನೆರೆಮನೆಯ ಮೆಟ್ಟಿಲು ಮಾತ್ರ ಹತ್ತುದಿಲ್ಲ. ಕೊಡೂಕೆ ಹೋದ್ರೆ ಅದೂ ದೊಡ್ಡಸ್ತಿಕೆ ಆಯ್ತ್. ಕೇಣೂಕೆ ಹೋಗಿ, ಬೇಡೂಕೆ! ನಿಮ್ಮ ಮನೆಯ ಹೆಪ್ಪು ನಮಗೆ ಬೇಕು ಅಂದ್ರೆ, ಅವರ ಸಿಟ್ಟು ಅರ್ಧ ಅಲ್ಲೇ ಇಳಿತ್ತ್. ನಾಳೆ ಅಲ್ಲ, ಇವತ್ತೇ. ಹೆಪ್ಪು ಹಾಕುದು ಹಾಲು ಬೆಚ್ಚಗಿರುವಾಗ. ಆರಿದ ಮೇಲೆ ಎಷ್ಟು ಹಾಕಿದ್ರೂ ಆತಿಲ್ಲೆ. ಏಳಿ, ಏಳಿ."

ಜನ ಎದ್ದರು. ಚಾಪೆ ಸುತ್ತಿದರು, ಕೊಡೆ ಹುಡುಕಿಕೊಂಡರು, ನಿದ್ದೆಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ತಮ್ಮ ತಮ್ಮ ಮನೆಗೇ ಹೋದರು.