ಕಡೀ ಹಾಡಿನ ಹಲಗಿ

ಇಲ್ಲಣ್ಣಾ, ಅವಂಗ ಹೊಟ್ಟಿಬ್ಯಾನಿ ಎದ್ದಿಲ್ಲ. ಈ ಫೋನ್ದಾಗ ಹಾಡ್ಲತ್ತಾನ. ನಿನ್ನ ಅಳಿಯಾ ಮಾಣಿಕನೇ ಆಂವ... ಖರೇನೇ. ಹೆವಿ ಮೆಟಲ್ ಅಂತಾರ ಇದಕ್ಕ, ಹಿಂಗೇ ಒದರಬೇಕಂತ. ಯಾಕ ನಗ್ಲತ್ತಿ? ಮೊದಲ್ನೇ ದಿನ ನಾನೂ ಅಜವಾನ ಕುದಿಸಿ ಕೊಟ್ಟಿದ್ದೆ. ಕುಡದು ಮತ್ತಷ್ಟು ಜೋರ್ ಒದರ್ದ.

ನೀರು ಕುಡಿ. ಇವತ್ತು ನಮ್ಮ ನೌಬಾದಕ್ಕ ಟ್ಯಾಂಕರ್ ಬಂದದ, ಸಂಕೋಚ ಬ್ಯಾಡ.

ಇದು ಮಾಣಿಕ, ಅವನ ಗೆಳ್ಯಾರ ಮೊದಲ್ನೇ ಆಲ್ಬಮ್. ಆಲ್ಬಮ್ ಅಂದ್ರ ಮದಿವಿ ಫೋಟೋದ್ದು ಅನ್ಕೊಂಡು ‘ಹುಡುಗಿ ಯಾರೋ’ ಅಂತ ಕೇಳೀನಿ ನಾ... ನಗು, ನಗು. ಹಾಡಿನ ಸಿಡಿ ಅದು. ‘ಖಾಲಿ ಕೊಡ’ ಅಂತ ಹೆಸರು. ಎಲ್ಲಾ ಈ ಬರಗಾಲದ್ದೇ ಹಾಡು. ಬತ್ತಿದ ಬಾವಿ, ಟ್ಯಾಂಕರ್ ಮುಂದಿನ ಜಗಳ, ಭಾಲ್ಕಿ ಸ್ಟೇಷನ್ದಾಗ ಗಂಟು ಹೊತ್ಕೊಂಡು ನಿಂತ ಮಂದಿ... ಇಂಥಾವೆಲ್ಲಾ ಮೆಲ್ಲಗ ಹಾಡ್ತಾರೇನವ್ವಾ ಅಂತಾನ ಮಾಣಿಕ. ಅದೂ ಖರೇ ಅನಸ್ತದ.

ನಾಳಿ ಬೀದರದಾಗ ಬಿಡುಗಡಿ. ಮಾಡಾಂವ ನೀನೇ. ತಲಿ ಅಲ್ಲಾಡಸ್ಬ್ಯಾಡ. ‘ಮಚ್ಛೇಂದ್ರ ಮಾಮಾ ಬರ್ಲಿಲ್ಲಂದ್ರ ನಾ ಸ್ಟೇಜ್ ಹತ್ತಂಗಿಲ್ಲ’ ಅಂತ ಹಟ ಹಿಡದಾನ. ತಂದಿ ಇಲ್ಲದ ಹುಡುಗ, ಸಾಲಿ ಕಲಿಸ್ದಾಂವ ನೀ. ನೀನಲ್ಲದ ಮತ್ಯಾರು?

ಈ ಗಿಟಾರ್ ಕೇಳ್ಲತ್ತದಲ್ಲ, ಅದು ಮುಜೀಬೋದ್ದೀನಂದು. ಅವನ ಖೋಲ್ಯಾಗೇ ರೆಕಾರ್ಡ್ ಮಾಡ್ಯಾರ, ಆವಾಜ್ ಹೊರಗ ಹೋಗಬಾರದಂತ ಗ್ವಾಡಿಗೆಲ್ಲಾ ಗಾದಿ ನಿಲ್ಲಿಸಿ. ನನ್ನ ಗಾದಿನೂ ಒಯ್ದಿದ್ರು, ಚಾಪಿ ಮ್ಯಾಲ ಮಲಗಿ ಸೊಂಟ ಹೋಯ್ತು ನಂದು. ಡ್ರಮ್ ಬಾರಿಸಾಂವ ವೈಜಿನಾಥ, ನಿಮ್ಮ ಭಾತಂಬ್ರಾದ ಹುಡುಗ. ಇನ್ನ ಒಂದೇ ಹಾಡು ಉಳದಿತ್ತು, ಅವರ ಮನಿಗಿ ಮನೀನೇ ಪುಣೆಕ್ಕ ದುಡೀಲಾಕ ಹೋಯ್ತು. ಡ್ರಮ್ ಇತ್ತು, ಬಾರಿಸಾಂವ ಇಲ್ಲ. ಅದಕ್ಕೇ ಈ ಕಡೀ ಹಾಡಿಗಿ...

ಹೌದು. ಹಲಗಿ ಅದು.

ಏಳಬ್ಯಾಡ, ಕೂಡು. ನೀ ಏನಂತಿ ನನಗ ಗೊತ್ತದ. ‘ಈ ಮನ್ಯಾಗ ಇನ್ನ ಯಾರ ಹೆಗಲಿಗೂ ಹಲಗಿ ಏರಬಾರದು’ ಅಂತ ಅಪ್ಪನ ಹಲಗಿ ನೀನೇ ಒಲಿಗಿ ಹಾಕಿದಿ. ಛಲೋ ಮಾಡಿದಿ. ಊರಾಗ ಯಾರರ ಸತ್ರ ಜ್ವರ ಇದ್ರೂ ಅಪ್ಪ ಬಾರಿಸ್ಲಾಕ ಹೋಗಬೇಕಿತ್ತು, ದೂರ ನಿಂತು ಮೊರದಾಗಿನ ಜ್ವಾಳಾ ಅವನ ಉಡ್ಯಾಗ ಸುರೀತಿದ್ರು. ಅದು ನಾನೂ ಮರ್ತಿಲ್ಲ.

ಮಾಣಿಕ ಮುಟ್ಟಿಲ್ಲೋ, ನನ್ನ ಆಣಿ. ಔರಾದದಿಂದ ಒಬ್ಬಾಂವ ಬಂದಿದ್ದ. ಹೆಸರು... ಏನೋ ಇತ್ತಪ್ಪಾ. ಬಂದ, ಬಾರಿಸ್ದ, ಚಹಾ ಕುಡದ, ಹೋದ. ಏನು ಬಾರಿಸ್ಯಾನ ಕೇಳು ಮತ್ತ! ಈಗ ಬರ್ತದ ನೋಡು... ಎಲ್ಲಾ ನಿಂತುಬಿಡ್ತದ, ಒಂದೇ ಒಂದು ಉಸುರು... ಮತ್ತ ಧಡ್ ಅಂತ ಎಲ್ಲಾರೂ ಕೂಡೇ. ಕೇಳ್ದಿ? ಮುಜೀಬ ಹುಚ್ಚಾಗಿಬಿಟ್ಟ. ಇಂಥಾ ತಾಳ ಎಲ್ಲೂ ಕೇಳಿಲ್ಲಂತ. ‘ಆ ಖಾಲಿ ಜಾಗಾ ನಿಮಗ ಹ್ಯಾಂಗ ಹೊಳೀತ್ರಿ ಮೌಶಿ’ ಅಂತ ನನಗ... ಅಂದ್ರ, ಅವಂಗ ಕೇಳ್ದ. ಔರಾದದಾಂವಗ. ನಾ ಬಾಜೂಕ ಇದ್ದೆ ಅಷ್ಟೇ.

ಚಹಾ ಆರ್ಲತ್ತದ. ಮತ್ತ ಬಂತು ನೋಡು ಆ ಜಾಗಾ...

ಅಣ್ಣಾ, ನಿನ್ನ ಕೈ ಹೆಗಲಿಗಿ ಯಾಕ ಹೋಯ್ತು? ಏನೋ ಮ್ಯಾಲ ಎಳ್ಕೊಂಡಂಗ ಮಾಡ್ದ್ಯಲ್ಲ... ಇನ್ನೊಮ್ಮಿ ಮಾಡು.

ಪಟ್ಟಿ? ಹಲಗಿ ಪಟ್ಟಿ ಹೆಗಲ ಮ್ಯಾಲಿಂದ ಜಾರ್ತಿತ್ತು, ಅಪ್ಪ ಅಲ್ಲಿ ಬಾರಿಸೋದು ಬಿಟ್ಟು ಅದನ್ನ ಎಳ್ಕೋತಿದ್ನಾ?... ಅಷ್ಟೇನಾ?

ನನಗ ಹ್ಯಾಂಗ ಗೊತ್ತಾಗಬೇಕು? ನೀ ಅಪ್ಪನ ಜೋಡಿ ನಡೀತಿದ್ದಿ. ಹೆಣ್ಣು ಹುಡುಗಿ ಅಂತ ನನಗ ಯಾರೂ ಕರ್ಕೊಂಡು ಹೋಗಿಲ್ಲ. ಮನ್ಯಾಗ ಕುಂತು ಕಿವೀಲೇ ಕಲ್ತೆ, ಊಟದ ತಾಟಿನ ಮ್ಯಾಲ ಬಡಕೋತ. ಅಲ್ಲಿ ಸುಮ್ಮನಿರೋದೂ ತಾಳದಾಗೇ ಅದ ಅನ್ಕೊಂಡಿದ್ದೆ. ಇಷ್ಟು ವರ್ಷ...

ಹಂಗ ನೋಡ್ಬ್ಯಾಡ. ಹೌದು, ಔರಾದದಿಂದ ಯಾರೂ ಬಂದಿಲ್ಲ. ಆದ್ರ ಯಾರೂ ಸತ್ತಿದ್ದಿಲ್ಲ ಅಣ್ಣಾ, ಯಾರೂ ಬಾ ಅಂತ ಹುಕುಂ ಮಾಡಿದ್ದಿಲ್ಲ. ಹೆಗಲಿಗೂ ಹಾಕಿಲ್ಲ ನಾ. ಕುರ್ಚಿ ಮ್ಯಾಲ ಕುಂತು, ಮುಜೀಬ ಎಲ್ಲಿಂದಲೋ ತಂದ ಹಲಗಿ ತೊಡಿ ಮ್ಯಾಲ ಇಟ್ಕೊಂಡು ಬಾರಿಸೀನಿ. ಭಾಳ ಖುಷಿ ಆಯ್ತು ನನಗ. ಅದೇ ಹೇಳ್ಲಾಕ ಅಂಜಿಕಿ ಬಂತು.

ಬಯ್ಯಿ ಬೇಕಾದ್ರ. ನಾಳಿ ಬರ್ತಿಯೋ ಇಲ್ಲೋ, ಅದರ ಹೇಳು... ಹುಡುಗನ ಮ್ಯಾಲ ಸಿಟ್ಟು ಮಾಡ್ಬ್ಯಾಡ, ನನ್ನ ಮ್ಯಾಲ ಮಾಡು.

ಫೋನ್ ಯಾಕ ತಗೊಂಡಿ? ಬಂದ್ ಮಾಡ್ತಿ?... ಮಾಡು.

ಓ... ಅದೇ ಹಾಡು ಮೊದಲಿಂದ ಹಚ್ಚಿದಿ?

ಹಂಗಾದ್ರ ಇತ್ಲಾಕ ಸರಿ, ನನ್ನ ಎದುರಿಗಿ ಕೂಡು. ಆ ಜಾಗಾ ಬಂದಾಗ ಅಪ್ಪ ಪಟ್ಟಿ ಹ್ಯಾಂಗ ಎಳ್ಕೋತಿದ್ದ, ಜರಾ ತೋರಿಸು. ನಾ ನೋಡೇ ಇಲ್ಲ.